ಬಿಸ್ಕತ್ ಡಬ್ಬದ ಹಲ್ಲಿ

ಲೊಚ್.

ಅಟ್ಟದ ಮೇಲಿಂದ ಆ ಸದ್ದು ಮೂರು ಸಲ ಬಂದಾಗ ಸಿದ್ಧಾರ್ಥನಗರವೆಲ್ಲ ಮಲಗಿತ್ತು. ನಾನು ಮಲಗಿರಲಿಲ್ಲ. ಗ್ಯಾಸ್ ಆರಿಸಿದೆಯೇ, ಹಿಂಬಾಗಿಲಿನ ಚಿಲಕ ಬಿದ್ದಿದೆಯೇ ಎಂದು ರಾತ್ರಿ ಯೋಚಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದಿದೆ. ನಿದ್ದೆ ಮಾಡುವ ಕೆಲಸವನ್ನು ಗಂಡ ಮತ್ತು ಅತ್ತೆ ನೋಡಿಕೊಳ್ಳುತ್ತಾರೆ.

"ರೀ, ಅಟ್ಟದ ಮೇಲೆ ಯಾರೋ ಇದ್ದಾರೆ," ಎಂದೆ. ಮತ್ತೆ ಅದೇ ಸದ್ದು.

ಮಹೇಂದ್ರ ಕಣ್ಣು ಮುಚ್ಚಿಕೊಂಡೇ ನಕ್ಕರು. ಕಳ್ಳ ಬಂದಿದ್ದಾನೆ ಎಂದರೆ ನಗುವ ಗಂಡನನ್ನು ನೋಡಿ ನನ್ನ ಭಯ ಇಮ್ಮಡಿಯಾಯಿತು.

"ಅದು ಡಿಸ್ಕು ಕಣೆ. ಈಗ ನೀನು ಮಾತಾಡಿದ್ಯಲ್ಲ, ಅದನ್ನ ಬರ್ಕೊಂತು."

ಲೊಚ್, ಲೊಚ್, ಲೊಚ್, ಎಂದಿತು ಅಟ್ಟ. ಗಂಡ ಮಾತಾಡಿದ್ದನ್ನೂ ಬರೆದುಕೊಂಡಿತ್ತು. ಬರೆದುಕೊಂಡ ಸದ್ದು ಅದಕ್ಕೇ ಕೇಳಿಸಿ, ಅದನ್ನೂ ಬರೆದುಕೊಂಡಿತು. ಹೀಗೆ ತನ್ನ ಮಾತಿಗೆ ತಾನೇ ಉತ್ತರ ಕೊಡುತ್ತಾ ಅದು ಬೆಳಗಿನವರೆಗೂ ನಡೆಯುತ್ತಿತ್ತೇನೋ. ಕೊನೆಗೆ ಅವರು ಏಣಿ ಹತ್ತಿ ಅದರ ಮೈಕಿಗೆ ತಮ್ಮ ಹಳೆಯ ಕಾಲುಚೀಲ ತೊಡಿಸಿ ಬಂದರು. ಅಲ್ಲಿಂದ ಮುಂದೆ ಅದಕ್ಕೆ ಗಟ್ಟಿ ಮಾತು ಮಾತ್ರ ಕೇಳಿಸತೊಡಗಿತು. ಈ ಕಾಲುಚೀಲವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಇದಕ್ಕೆಲ್ಲ ಮೂಲ ನಮ್ಮ ಬಡಾವಣೆಯ ನಿವಾಸಿಗಳ ಸಂಘ. ಹಿಂದಿನ ರಸ್ತೆಯ ಕಲ್ಯಾಣ ಮಂಟಪದ ಗಲಾಟೆಯ ಬಗ್ಗೆ ಸಭೆ ನಡೆದಾಗ ಅಧ್ಯಕ್ಷ ಚಿಕ್ಕಬಸವಯ್ಯನವರು ಮೇಜು ಗುದ್ದಿ, "ಗಲಾಟೆ ಗಲಾಟೆ ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲ ಕಣ್ರೀ, ದಾಖಲೆ ಬೇಕು!" ಎಂದರು. ಅವರು ಗುಟ್ಟು ಹೇಳಿದರೂ ಎರಡು ರಸ್ತೆಗೆ ಕೇಳಿಸುತ್ತದೆ. ಆಗ ಮಹೇಂದ್ರ ಎದ್ದು ನಿಂತು, "ದಾಖಲೆ ನಾನು ಕೊಡ್ತೀನಿ. ವೈಜ್ಞಾನಿಕವಾಗಿ," ಎಂದುಬಿಟ್ಟರು. ಅವರು ಓದಿದ್ದು ಬಿ.ಕಾಂ. ಕೆಲಸ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ. ಆದರೆ ಮೊಬೈಲಿನಲ್ಲಿ ವಿಡಿಯೋ ನೋಡಿ ಮೈಕ್ರೋಕಂಟ್ರೋಲರ್ ಎಂಬ ಬೆರಳುದ್ದದ ಹಲಗೆಗಳಿಗೆ ತಂತಿ ಬೆಸೆಯುವ ಹವ್ಯಾಸ ಹತ್ತಿಸಿಕೊಂಡಿದ್ದಾರೆ.

"ನೋಡು, ಇದಕ್ಕೆ ಬುದ್ಧಿ ಬೇಕಾದಷ್ಟಿದೆ, ನೆನಪೇ ಇಲ್ಲ. ಕರೆಂಟ್ ಹೋದ್ರೆ ಎಲ್ಲ ಮರೆತುಬಿಡುತ್ತೆ," ಎಂದು ನನಗೆ ವಿವರಿಸಿದರು.

ಅಂಥವರೊಬ್ಬರ ಪರಿಚಯ ನನಗೆ ಮದುವೆಯಾದಾಗಿನಿಂದ ಇದೆ. ಆದ್ದರಿಂದ ಬೇಗ ಅರ್ಥವಾಯಿತು.

ಮೊದಲು ಅದಕ್ಕೆ ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡ್ ಹಾಕಲು ಹೊರಟಿದ್ದರು. ಆ ಕಾರ್ಡನ್ನು ಊಟದ ಮೇಜಿನ ಮೇಲೆ ಇಟ್ಟಿದ್ದರು. ನಮ್ಮ ಅತ್ತೆ ಚಾಮುಂಡಮ್ಮನವರಿಗೆ ಎರಡೂ ಕಣ್ಣಿಗೆ ಪೊರೆ. ಹುಣಿಸೆಹಣ್ಣಿನ ಸಿಪ್ಪೆ ಎಂದುಕೊಂಡು ಅವರು ಅದನ್ನು ಗುಡಿಸಿ ಕಸದ ಗಾಡಿಗೆ ಹಾಕಿಬಿಟ್ಟರು.

"ಅಮ್ಮನ ಕೈಲಿ ಗುಡಿಸೋಕೆ ಆಗದಿರೋ ನೆನಪು ಬೇಕು," ಎಂದು ಮಹೇಂದ್ರ ಪ್ರತಿಜ್ಞೆ ಮಾಡಿದರು. ನಮ್ಮ ಸತ್ತುಹೋದ ಕಂಪ್ಯೂಟರಿನ ಹೊಟ್ಟೆಯಿಂದ ಹಾರ್ಡ್ ಡಿಸ್ಕ್ ಕಿತ್ತರು. ಅದು ಇಟ್ಟಿಗೆಯಂತೆ ಭಾರವಾಗಿತ್ತು. ಬೆರಳುದ್ದದ ಹಲಗೆಗೂ ಆ ಇಟ್ಟಿಗೆಗೂ ಅಂಗೈ ಅಗಲದ ಪಟ್ಟಿತಂತಿ ಕಟ್ಟಿದಾಗ, ಇರುವೆ ಆನೆಯನ್ನು ಹಗ್ಗ ಹಿಡಿದು ಕರೆದೊಯ್ಯುತ್ತಿರುವ ಹಾಗೆ ಕಂಡಿತು. ಎಲ್ಲವನ್ನೂ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿಟ್ಟು ದೇವರಮನೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಆ ಅಟ್ಟದ ಕಿಂಡಿ ಕಲ್ಯಾಣ ಮಂಟಪದ ಕಡೆಗಿದೆ. ಆದರೆ ಮೈಕಿನ ತಂತಿ ಕಿಂಡಿಯವರೆಗೆ ಎಟುಕಲಿಲ್ಲ. ಹಾಗಾಗಿ ಮೈಕು ಒಳಮುಖವಾಗಿ, ನಮ್ಮ ದೇವರಮನೆಯ ಕಡೆಗೇ ಕಿವಿಗೊಟ್ಟು ಕೂತಿತು.

"ಬರೀ ಡಿಸ್ಕ್ ಇದ್ರೆ ಸಾಲದು. ಅದು ಖಾಲಿ ಗೋದಾಮು. ಯಾವ ಮೂಟೆ ಎಲ್ಲಿದೆ ಅಂತ ಗೊತ್ತಾಗ್ಬೇಕಲ್ಲ? ಅದಕ್ಕೇ ಫೈಲ್ ಸಿಸ್ಟಂ ಅಂತ ಒಂದು ಪಟ್ಟಿ. ಗೋದಾಮಿನ ಬಾಗಿಲಲ್ಲಿ ಬೋರ್ಡ್ ಹಾಕಿರ್ತಾರಲ್ಲ, ಹಾಗೆ. ಪ್ರತಿ ಸದ್ದಿಗೂ ಒಂದು ಹೊಸ ಫೈಲು!" ಎಂದರು ಮಹೇಂದ್ರ.

"ಎಲ್ಲ ಸದ್ದನ್ನೂ ಒಂದೇ ಫೈಲಿನಲ್ಲಿ ಬರೆಯಬಾರದಾ?" ಎಂದೆ.

"ನಿನಗೆ ಇದೆಲ್ಲ ಗೊತ್ತಾಗಲ್ಲ ಬಿಡು," ಎಂದರು.

ಸದ್ದು ಕೇಳಿದಾಗಲೆಲ್ಲ ಡಿಸ್ಕಿನೊಳಗಿನ ತೋಳು ಮೊದಲು ಪಟ್ಟಿ ನೋಡಲು ಓಡಬೇಕು, ಆಮೇಲೆ ಬರೆಯಲು, ಆಮೇಲೆ ಪಟ್ಟಿ ತಿದ್ದಲು. ಹಳೆಯ ತೋಳು. ಮೂರು ಸಲವೂ ಸದ್ದು ಮಾಡುತ್ತದೆ. ಲೊಚ್, ಲೊಚ್, ಲೊಚ್.

ಮರುದಿನ ಬೆಳಿಗ್ಗೆ ಅತ್ತೆ ದೇವರ ಮುಂದೆ ಕೂತು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಅರ್ಧ ಎಣ್ಣೆ ದೀಪಕ್ಕೆ, ಅರ್ಧ ಗಣಪತಿಗೆ. ಹಿಂದಿನ ವಾರ ತುಳಸಿಗೆ ಹಾಕುವ ನೀರನ್ನು ಮಗನ ಆಫೀಸ್ ಶೂಗೆ ಹಾಕಿದ್ದರು. ಅದಕ್ಕೂ ಹಿಂದೆ ಹೊಸ್ತಿಲು ಕಾಣದೆ ಬಿದ್ದು, ಮಂಡಿ ಊದಿ, ನಾವೆಲ್ಲ ಹೆದರಿದ್ದೆವು. ಕಣ್ಣಿನ ಡಾಕ್ಟರು, "ಇನ್ನೂ ತಡ ಮಾಡಿದ್ರೆ ಪೊರೆ ಗಟ್ಟಿಯಾಗುತ್ತೆ ಕಣಮ್ಮ, ಆಮೇಲೆ ನನ್ನ ಕೈಲೂ ಕಷ್ಟ," ಎಂದು ಹೇಳಿ ಆಗಿತ್ತು. ಅತ್ತೆಯದು ಮಾತ್ರ ಒಂದೇ ಮಾತು: "ಒಂದು ಒಳ್ಳೆ ಶಕುನ ಆಗ್ಲಿ, ಮಾಡಿಸ್ಕೋತೀನಿ." ಶಕುನ ಬರುವ ದಾರಿ ಕಾಯುತ್ತಾ ದಾರಿಯೇ ಕಾಣದಂತಾಗಿತ್ತು.

ಗಣಪತಿಯ ಸೊಂಡಿಲಿನಿಂದ ಎಣ್ಣೆ ತೊಟ್ಟಿಕ್ಕುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಅತ್ತೆ, ಕಣ್ಣು ಮಾಡಿಸ್ಕೊಂಡ್ರೆ ಎಲ್ಲ ಸರಿಹೋಗುತ್ತೆ!" ಎಂದು ಗಟ್ಟಿಯಾಗಿಯೇ ಅಂದೆ.

ಲೊಚ್, ಲೊಚ್, ಲೊಚ್.

ಅತ್ತೆಯ ಕೈ ನಿಂತಿತು. ಮುಖ ಮೇಲೆತ್ತಿದರು. ಮೂರು ಬೆರಳಿನಿಂದ ನೆಲ ತಟ್ಟಿ, "ಕೃಷ್ಣ ಕೃಷ್ಣ" ಎಂದರು. "ಕೇಳ್ದಾ? ಹಲ್ಲಿ ನುಡೀತು. ಅದೂ ದೇವರ ನೆತ್ತಿ ಮೇಲೆ! ಡಾಕ್ಟರಿಗೆ ಫೋನ್ ಮಾಡ್ಬುಡಮ್ಮ."

ನಾನು ಮಾತಿನಲ್ಲಿ ಎಚ್ಚರಿಕೆಯವಳು. ಅದು ಹಲ್ಲಿ ಎಂದು ನಾನು ಹೇಳಲಿಲ್ಲ. ಹಲ್ಲಿಯಲ್ಲ ಎಂದೂ ಹೇಳಲಿಲ್ಲ. ಫೋನ್ ಮಾಡಿದೆ, ಅಷ್ಟೆ. ಸಕ್ಕರೆ ಹತೋಟಿಗೆ ಬರಲಿ ಎಂದು ಡಾಕ್ಟರು ಕೆಲವು ವಾರ ಬಿಟ್ಟು ಒಂದು ಸೋಮವಾರಕ್ಕೆ ದಿನ ಕೊಟ್ಟರು.

ಸಂಜೆ ಗಂಡನಿಗೆ ವಿಷಯ ಹೇಳಿದಾಗ ಅವರಿಗೆ ಬಹಳ ನೋವಾಯಿತು. "ಎಷ್ಟು ಕಷ್ಟಪಟ್ಟು ಫೈಲ್ ಸಿಸ್ಟಂ ಬರ್ದಿದೀನಿ! ಹಲ್ಲಿ ಅಂದ್ರಾ? ಈಗ್ಲೇ ಹೋಗಿ ಹೇಳ್ತೀನಿ."

"ಹೇಳಿ. ಆಪರೇಷನ್ ಬೇಡ ಅಂತಾರೆ. ನಾಳೆ ನಿಮ್ಮ ಇನ್ನೊಂದು ಶೂಗೂ ನೀರು ಬೀಳುತ್ತೆ."

ಅವರು ಶೂ ನೋಡಿದರು. ಆಮೇಲೆ ಅಟ್ಟ ನೋಡಿದರು. "ಆ ಸೋಮವಾರದ ತನಕ ಹಲ್ಲಿಯಾಗೇ ಇರ್ಲಿ," ಎಂದರು.

ಆದರೆ ಶುಭ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಅತ್ತೆಗಿಲ್ಲ. ಮರುದಿನವೇ ಕಾಂಪೌಂಡಿನ ಆಚೆಯ ಸುಷ್ಮಾಗೆ ಹೇಳಿದರು. ಸುಷ್ಮಾ ಅಂದೇ ಮಧ್ಯಾಹ್ನ ಒಂದು ಬಟ್ಟಲು ಕೋಸಂಬರಿ ಹಿಡಿದು ಬಂದು, ಅಟ್ಟದ ಕಡೆ ಕತ್ತೆತ್ತಿ, "ನಮ್ಮನೆಯೋರು ಈ ವರ್ಷವಾದ್ರೂ ನನ್ನ ಊಟಿಗೆ ಕರ್ಕೊಂಡ್ ಹೋಗೇ ಹೋಗ್ತಾರೆ!" ಎಂದು ಘೋಷಿಸಿದಳು. ಲೊಚ್, ಲೊಚ್, ಲೊಚ್. ಸಂಜೆ ಅವಳ ಗಂಡ ಗೌತಮ್ ಬೆವರುತ್ತಾ ಬಂದರು. "ಊಟಿ ಗೀಟಿ ಏನೂ ಬೇಡ, ಚಾಮುಂಡಿಬೆಟ್ಟ ಸಾಕು!" ಎಂದು ಅವರೂ ಗಟ್ಟಿಯಾಗಿ ಕೂಗಿದರು. ಲೊಚ್, ಲೊಚ್, ಲೊಚ್.

ಒಂದೇ ಹಲ್ಲಿ ಎರಡು ಮಾತಾಡಿದರೆ ಏನರ್ಥ? ಗಂಡಹೆಂಡಿರು ಅತ್ತೆಯ ಮುಂದೆ ತೀರ್ಪಿಗೆ ನಿಂತರು. ಅತ್ತೆ ಸ್ವಲ್ಪವೂ ತಡವರಿಸಲಿಲ್ಲ. "ಮೊದ್ಲು ಬೆಟ್ಟ, ಆಮೇಲೆ ಊಟಿ. ಎರಡೂ ಎತ್ತರದ ಜಾಗವೇ ಅಲ್ವೇನಪ್ಪ?"

ಈ ತೀರ್ಪಿನಿಂದ ಹಲ್ಲಿಯ ಕೀರ್ತಿ ರಸ್ತೆ ದಾಟಿತು. ಚಿಕ್ಕಬಸವಯ್ಯನವರು ವಾಕಿಂಗ್ ಮುಗಿಸಿ ದಿನವೂ ಬರತೊಡಗಿದರು. ಪಂಚಾಂಗ ಬೇರೆ ತಂದು, ಹಲ್ಲಿ ಯಾವ ದಿಕ್ಕಿನಿಂದ ನುಡಿಯುತ್ತದೆ ಎಂದು ಮೊಬೈಲಿನ ದಿಕ್ಸೂಚಿ ಹಿಡಿದು ನೋಡಿ, "ಆಗ್ನೇಯ! ಧನಲಾಭ!" ಎಂದು ಗುಡುಗಿದರು. ಹಲ್ಲಿ ಒಪ್ಪಿತು. "ಮುಂದಿನ ಸಲಾನೂ ಸಂಘಕ್ಕೆ ನಾನೇ ಅಧ್ಯಕ್ಷ!" ಒಪ್ಪಿತು. "ನನ್ನ ಬಿಟ್ರೆ ಬೇರೆ ಯಾರಿಗೆ ಯೋಗ್ಯತೆ ಇದೆ!" ಅದಕ್ಕಂತೂ ಎರಡೆರಡು ಸಲ ಒಪ್ಪಿತು.

ಒಂದು ದಿನ ಮನೆಮನೆ ಸಮೀಕ್ಷೆಗೆ ಬೀರೇಶ್ ಎಂಬ ಮೇಷ್ಟ್ರು ಬಂದರು. ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳಿಸುವಂತೆ ಪಾಠ ಮಾಡಿ ರೂಢಿಯಾದ ಗಂಟಲು. "ಮನೆಯಲ್ಲಿ ಮೂರು ಜನ!" ಎಂದರು. ಲೊಚ್, ಲೊಚ್, ಲೊಚ್. ಅವರ ಪೆನ್ನು ನಿಂತಿತು. "ಸ್ವಂತ ಮನೆ!" ಮತ್ತೆ ಒಪ್ಪಿಗೆ.

"ಅಜ್ಜಿ, ನಿಮ್ಮ ವಯಸ್ಸು?"

"ಅರವತ್ತೈದು," ಎಂದರು ಅತ್ತೆ, ಮೆಲ್ಲಗೆ.

ಅಟ್ಟ ಮೌನವಾಗಿತ್ತು. ಕಾಲುಚೀಲ ತೊಟ್ಟ ಮೈಕಿಗೆ ಮೆಲುದನಿ ಕೇಳಿಸುವುದಿಲ್ಲ ಎನ್ನುವುದು ನನಗೆ ಗೊತ್ತು. ಮೇಷ್ಟ್ರಿಗೆ ಗೊತ್ತಿಲ್ಲ.

"ಎಪ್ಪತ್ತು?" ಎಂದರು ಮೇಷ್ಟ್ರು, ಅನುಮಾನದಿಂದ, ಗಟ್ಟಿಯಾಗಿ.

ಲೊಚ್, ಲೊಚ್, ಲೊಚ್.

"ಇದ್ಯಾಕೋ ನಮ್ಮ ಮನೆ ಉಪ್ಪು ತಿಂದು ನಮಗೇ ಎರಡು ಬಗೀತದೆ," ಎಂದು ಅತ್ತೆ ಗೊಣಗಿದರು. ಮೇಷ್ಟ್ರು ಎಪ್ಪತ್ತು ಎಂದು ಬರೆದುಕೊಂಡು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು, ದೇವರಮನೆಗೆ ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೋದರು.

ಹೀಗೆ ದಿನಗಳು ಚೆನ್ನಾಗಿಯೇ ಕಳೆಯುತ್ತಿದ್ದವು. ಆಪರೇಷನ್ನಿಗೆ ಮುಂಚಿನ ಶುಕ್ರವಾರ ದೊಡ್ಡಮ್ಮ ಬಂದರು.

ದೊಡ್ಡಮ್ಮ ಅತ್ತೆಯ ಅಕ್ಕ, ಹುಣಸೂರಿನ ಕಡೆಯವರು. ಆಷಾಢ ಶುಕ್ರವಾರ ಬೆಟ್ಟ ಹತ್ತಿ ದೇವಿ ದರ್ಶನ ಮಾಡಿ, ಹಣೆ ತುಂಬ ಕುಂಕುಮದೊಂದಿಗೆ ಮನೆಗೆ ಕಾಲಿಟ್ಟವರೇ ಆಪರೇಷನ್ ವಿಷಯ ಕೇಳಿ ನಡುಮನೆಯಲ್ಲಿ ನಿಂತುಬಿಟ್ಟರು.

"ಆಷಾಢದಲ್ಲಾ? ಮದ್ವೆ ಮುಂಜಿನೇ ಮಾಡಕಿಲ್ಲ, ಇನ್ನು ಕಣ್ಣಿಗೆ ಕತ್ರಿ ಆಕುಸ್ಕೊಂಡೀಯಾ? ನಮ್ಮ ವಂಸದಲ್ಲಿ ಯಾರಾರ ಆಕುಸ್ಕೊಂಡವ್ರಾ?"

ಮದುವೆ ಮಾಡಕಿಲ್ಲ ಎಂಬ ಮಾತು ಕೇಳಿ ಮಹೇಂದ್ರರ ಮುಖ ಬಿಳಿಚಿತು. ಕಲ್ಯಾಣ ಮಂಟಪದ ಗಲಾಟೆ ಅಳೆಯಲು ಅವರು ಯಂತ್ರ ಹೂಡಿದ್ದು ಆಷಾಢದ ಮೊದಲನೇ ದಿನ. ಇಡೀ ತಿಂಗಳು ಅಲ್ಲಿ ಒಂದು ಓಲಗವೂ ಊದಿರಲಿಲ್ಲ. ಇದು ಅವರಿಗೆ ಹೊಳೆದದ್ದು ಆ ಕ್ಷಣದಲ್ಲಿ.

"ಹಲ್ಲಿ ನುಡಿದೈತೆ ಕಣಕ್ಕ," ಎಂದರು ಅತ್ತೆ.

"ಎಲ್ಲಿ, ನನ್ನ ಮುಂದೆ ನುಡೀಲಿ!" ದೊಡ್ಡಮ್ಮ ದೇವರಮನೆಯ ಬಾಗಿಲಲ್ಲಿ ಕೂತರು. ಸುಷ್ಮಾ ಬಂದಳು. ಚಿಕ್ಕಬಸವಯ್ಯನವರಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅವರೂ ಬಂದರು.

"ಚಾಮುಂಡಮ್ಮನೋರಿಗೆ ಆಪರೇಷನ್ ಆಗ್ಲೇಬೇಕು!" ಎಂದು ಚಿಕ್ಕಬಸವಯ್ಯನವರು ಗುಡುಗಿದರು. ಕಿಟಕಿಯ ಗಾಜು ಅದುರಿತು.

ಅಟ್ಟ ಮೌನ.

ಅವರು ಮತ್ತೆ ಗುಡುಗಿದರು. ಮೌನ. ಸುಷ್ಮಾ ಕಿರುಚಿದಳು. ಮೌನ. ಮಹೇಂದ್ರ ನನ್ನ ಕಿವಿಯಲ್ಲಿ, "ಬೋರ್ಡ್ ತುಂಬಿಹೋಗಿದೆ ಕಣೆ," ಎಂದು ಪಿಸುಗುಟ್ಟಿದರು. "ಗೋದಾಮು ಖಾಲಿ ಇದೆ. ಬೋರ್ಡಲ್ಲಿ ಹೊಸ ಫೈಲಿನ ಹೆಸರು ಬರೆಯೋಕೆ ಜಾಗ ಇಲ್ಲ. ಅದಕ್ಕೇ ಅದು ಬರೆಯೋದನ್ನೇ ನಿಲ್ಲಿಸಿದೆ."

ಎಲ್ಲವನ್ನೂ ಒಂದೇ ಫೈಲಿನಲ್ಲಿ ಬರೆಯಬಾರದೇ ಎಂದು ಕೇಳಿದ್ದು ಯಾರು ಎಂದು ನಾನು ಆಗ ನೆನಪಿಸಲಿಲ್ಲ. ಬರಿದೆ ನೋಡಿದೆ. ಕೆಲವು ನೋಟಗಳಿಗೆ ಫೈಲ್ ಸಿಸ್ಟಂ ಬೇಕಾಗುವುದಿಲ್ಲ.

"ಹಂಡೆ... ಅಟ್ಟದಿಂದ ಹಂಡೆ ತರ್ತೀನಿ," ಎಂದು ಗಟ್ಟಿಯಾಗಿ ಹೇಳಿ ಅವರು ಏಣಿ ಹತ್ತಿ ಕತ್ತಲಲ್ಲಿ ಮಾಯವಾದರು. ಆ ಹೊತ್ತಿನಲ್ಲಿ ಹಂಡೆ ಏಕೆ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅವರನ್ನು ಹಾಗೆಲ್ಲ ಕೇಳುವುದು ಬಿಟ್ಟು ಬಹಳ ಕಾಲವಾಗಿದೆ. ಹತ್ತಿದ ಮೇಲೆ ಅವರಿಗೆ ನೆನಪಾಯಿತಂತೆ, ಫೈಲುಗಳನ್ನು ಅಳಿಸಲು ಲ್ಯಾಪ್‌ಟಾಪ್ ಬೇಕು, ಅದು ಕಾಲೇಜಿನಲ್ಲಿದೆ ಎಂದು.

"ನೋಡ್ದಾ?" ಎಂದರು ದೊಡ್ಡಮ್ಮ. "ದೇವ್ರಿಗೇ ಇಷ್ಟ ಇಲ್ಲ. ಪೋನ್ ಮಾಡಿ ಬ್ಯಾಡ ಅನ್ನು. ಇನ್ನೊಂದು ವರ್ಸ ಎಂಗೋ ಕಳೀತದೆ ಬುಡು."

ಇನ್ನೊಂದು ವರ್ಷ. ನನಗೆ ಹೊಸ್ತಿಲು ಕಂಡಿತು, ಮೆಟ್ಟಿಲು ಕಂಡಿತು, ಉರಿಯುವ ಒಲೆಯ ಮೇಲೆ ತಡಕಾಡುವ ಕೈ ಕಂಡಿತು. ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆ ಎಲ್ಲರಿಗೂ ಕೈಸನ್ನೆ ಮಾಡಿ ಸುಮ್ಮನಿರಿಸಿದರು. ದೇವರ ಕಡೆ ಮುಖ ಮಾಡಿ, ತಮಗೆ ತಾವೇ ಹೇಳಿಕೊಳ್ಳುವಷ್ಟು ಮೆಲ್ಲಗೆ ಕೇಳಿದರು:

"ನನ್ನ ಮಗನ ಮುಖ ಸರಿಯಾಗಿ ನೋಡಿ ವರ್ಷಗಳಾಯ್ತು. ನಂಗೆ ಕಾಣ್ತದಾ?"

ಇಷ್ಟು ಮೆಲ್ಲಗೆ ಕೇಳಿದರೆ ಚೆನ್ನಾಗಿದ್ದ ಡಿಸ್ಕಿಗೂ ಕೇಳಿಸುವುದಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಲೊಚ್... ಲೊಚ್. ಲೊಚ್.

ಸದ್ದು ಬಂದದ್ದು ಅಟ್ಟದಿಂದಲೇ. ಆದರೆ ಸ್ವಲ್ಪ ಒದ್ದೆಯಾಗಿತ್ತು. ಅಷ್ಟು ದಿನ ತಂತಿ ಬೆಸೆದು, ವಿಡಿಯೋ ನೋಡಿ, ಫೈಲ್ ಸಿಸ್ಟಂ ಬರೆದ ನಮ್ಮ ಯಜಮಾನರು, ಕೊನೆಗೆ ದೇವರು ಕೊಟ್ಟ ನಾಲಗೆಯನ್ನೇ ಬಳಸಿದ್ದರು.

"ಇದೇನು, ಗಂಟ್ಲು ಕಟ್ಟಿದಂಗದೆ?" ಎಂದರು ದೊಡ್ಡಮ್ಮ.

"ಆಷಾಢ ಶುಕ್ರವಾರ ಅಲ್ವಾ, ಉಪವಾಸ ಇರ್ಬೇಕು," ಎಂದಳು ಸುಷ್ಮಾ, ಭಕ್ತಿಯಿಂದ.

ಅತ್ತೆ ನೆಲ ತಟ್ಟಿ "ಕೃಷ್ಣ ಕೃಷ್ಣ" ಎನ್ನುವಷ್ಟರಲ್ಲಿ, ಅಟ್ಟದ ಧೂಳು ತನ್ನ ಕೆಲಸ ಮಾಡಿತು.

"ಆಕ್ಷೀ!"

ದೊಡ್ಡಮ್ಮ ಎದ್ದು ನಿಂತರು. "ಒಂಟಿ ಸೀನು! ಅಪಸಕುನ!"

ಒಂದು ಸೀನು ಕೆಲಸ ಕೆಡಿಸುತ್ತದೆ, ಎರಡಾದರೆ ಕೂಡಿಬರುತ್ತದೆ ಎಂಬುದು ಯಾರಿಗೆ ತಾನೇ ಗೊತ್ತಿಲ್ಲ? ಐದು ಮುಖಗಳು ಅಟ್ಟದ ಕಡೆ ತಿರುಗಿ ಉಸಿರು ಬಿಗಿಹಿಡಿದವು. ಮೇಲೆ ಯಾರೋ ಧೂಳನ್ನು ಬೇಕೆಂದೇ ಮೂಸುತ್ತಿರುವ ಸದ್ದು ಕೇಳಿತು. ಒಮ್ಮೆ ಎಳೆದರು, ಮತ್ತೊಮ್ಮೆ ಎಳೆದರು. ಚಿಕ್ಕಬಸವಯ್ಯನವರು ತಡೆಯಲಾರದೆ, "ಬರ್ಲಿ ಮಹೇಂದ್ರ, ಬರ್ಲಿ!" ಎಂದು ಹುರಿದುಂಬಿಸಿದರು.

"ಆ... ಆ... ಆಕ್ಷೀ!"

ಸುಷ್ಮಾ ಚಪ್ಪಾಳೆ ತಟ್ಟಿದಳು. ದೊಡ್ಡಮ್ಮ ಮೆಲ್ಲನೆ ಕೂತು, "ಜೋಡಿ ಸೀನಿಗೆ ನಾನೇನು ಯೋಳಕ್ಕಾಯ್ತದೆ? ಮಾಡುಸ್ಕೊ," ಎಂದರು. ತಮ್ಮ ಹಣೆಯ ಕುಂಕುಮವನ್ನೇ ತೆಗೆದು ತಂಗಿಗೆ ಇಟ್ಟರು.

ಮಹೇಂದ್ರ ಜೇಡರಬಲೆಯ ಮುಂಡಾಸು ಸುತ್ತಿಕೊಂಡು ಬರಿಗೈಯಲ್ಲಿ ಇಳಿದುಬಂದರು.

"ಹಂಡೆ ಎಲ್ಲೋ?" ಎಂದರು ಅತ್ತೆ.

"ಸಿಗ್ಲಿಲ್ಲಮ್ಮ."

"ಅದು ಬಚ್ಚಲಲ್ಲೈತೆ ಕಣಪ್ಪ. ಯಾವಾಗ್ಲೂ ಅಲ್ಲೇ ಇರೋದು." ಮಂಜುಗಣ್ಣಿನಿಂದ ಮಗನ ಕಡೆಗೆ ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಏನು ಕಂಡಿತೋ ನನಗೆ ಗೊತ್ತಾಗಲಿಲ್ಲ.

ಸೋಮವಾರ ಆಪರೇಷನ್ ಆಯಿತು. ಸಲೀಸಾಗಿ ಆಯಿತು. ಒಂದು ಕಣ್ಣಾದ ಮೇಲೆ ಇನ್ನೊಂದೂ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡ ಅತ್ತೆ ಯಾವುದೋ ಪಕ್ಷದ ಹಿರಿಯ ನಾಯಕಿಯಂತೆ ಕಾಣುತ್ತಿದ್ದರು. ಕನ್ನಡಕ ತೆಗೆದ ದಿನ ಮನೆಯಲ್ಲಿ ಹಬ್ಬವಾಗಬೇಕಿತ್ತು, ತಪಾಸಣೆ ಆಯಿತು. "ಒಗ್ಗರಣೆ ಡಬ್ಬಿ ಹಿಂಗಾ ಇರೋದು? ಈ ಗಣಪತಿಗೆ ಯಾರಮ್ಮ ಎಣ್ಣೆ ಸುರ್ದಿರೋದು?" ಎಂದು ನನ್ನನ್ನು ಕೇಳಿದರು. ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, "ನಿನ್ನ ತಲೆ ಯಾವಾಗ ಬೆಳ್ಳಗಾಯ್ತೋ?" ಎಂದರು. ಆಮೇಲೆ ಬಹಳ ಹೊತ್ತು ಕೈ ಬಿಡಲಿಲ್ಲ.

ಶ್ರಾವಣದಲ್ಲಿ ಸಂಘದ ಸಭೆ ಸೇರಿತು. ಮಹೇಂದ್ರ ವೈಜ್ಞಾನಿಕ ದಾಖಲೆ ಮಂಡಿಸಿದರು. ಕಲ್ಯಾಣ ಮಂಟಪದಿಂದ ಒಂದೂ ಸದ್ದು ದಾಖಲಾಗಿರಲಿಲ್ಲ. ಬಡಾವಣೆಯ ಅತಿ ದೊಡ್ಡ ಗಲಾಟೆ ದಿನವೂ ಬೆಳಿಗ್ಗೆ ವಾಕಿಂಗ್ ಮುಗಿಯುವ ಹೊತ್ತಿಗೆ ನಮ್ಮ ದೇವರಮನೆಯಲ್ಲಿ ನಡೆದಿತ್ತು. ಚಿಕ್ಕಬಸವಯ್ಯನವರು ಅದನ್ನು ಓದಿ, ಕೆಮ್ಮಿ, "ದಾಖಲೆ ಸ್ಪಷ್ಟವಾಗಿಲ್ಲ," ಎಂದು ಜೀವನದಲ್ಲಿ ಮೊದಲ ಬಾರಿಗೆ ಮೆಲುದನಿಯಲ್ಲಿ ತೀರ್ಪು ಕೊಟ್ಟರು.

ಫೈಲುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿ ಮತ್ತೆ ನಡೆಯುವಂತೆ ಮಾಡಿದ್ದ ಡಿಸ್ಕ್ ಆ ವಾರವೇ ಪೂರ್ತಿ ಸತ್ತುಹೋಯಿತು. ಅತ್ತೆ ಮಾತ್ರ ಎಂದಿನಂತೆ ಬೆಳಿಗ್ಗೆ ದೀಪ ಹಚ್ಚಿ ಅಟ್ಟದ ಕಡೆ ನೋಡಿ, "ಇವತ್ತು ಒಳ್ಳೇದಾಗ್ತದಾ?" ಎಂದು ಕೇಳುತ್ತಲೇ ಇದ್ದರು. ಉತ್ತರ ಬರದಿದ್ದರೆ ಅಮ್ಮನಿಗೆ ಬೇಜಾರಾಗುತ್ತದೆ ಎಂದು ಮಹೇಂದ್ರ ಒದ್ದಾಡಿದರು. ಮರುದಿನದಿಂದ ಸ್ನಾನ ಮುಗಿಸಿ ಟವಲಿನಲ್ಲೇ ದೇವರಮನೆಯ ಬಾಗಿಲ ಮರೆಯಲ್ಲಿ ನಿಂತು, ನಾಲಗೆಯಿಂದ ಲೊಚಗುಟ್ಟಿ, ತುದಿಗಾಲಲ್ಲಿ ಆಫೀಸಿನ ಬಟ್ಟೆ ಹಾಕಿಕೊಳ್ಳಲು ಓಡತೊಡಗಿದರು. ಅಮ್ಮನಿಗೆ ಸ್ವಲ್ಪವೂ ಅನುಮಾನವಿಲ್ಲ ಎಂದು ನನಗೆ ಹೆಮ್ಮೆಯಿಂದ ಹೇಳುತ್ತಾರೆ.

ಮೊನ್ನೆ ನಾನು ಕಾಫಿ ಲೋಟ ಹಿಡಿದು ನಡುಮನೆಯಲ್ಲಿ ನಿಂತಿದ್ದೆ. ಅತ್ತೆ ದೇವರ ಮುಂದೆ ಕೂತಿದ್ದರು. ಗೋಡೆಯ ಮೇಲಿನ ಚಾಮುಂಡೇಶ್ವರಿಯ ಪಟಕ್ಕೆ ಅವರೇ ತಿಕ್ಕಿ ತಿಕ್ಕಿ ಹೊಳಪು ಕೊಟ್ಟ ಗಾಜು. ಆ ಗಾಜಿನಲ್ಲಿ, ದೇವಿಯ ಸಿಂಹದ ಪಕ್ಕಕ್ಕೆ ಸರಿಯಾಗಿ, ಟವಲು ಸುತ್ತಿಕೊಂಡು ಕೆನ್ನೆ ಒಳಗೆಳೆದುಕೊಂಡು ಲೊಚಗುಟ್ಟಲು ಸಿದ್ಧರಾಗಿ ನಿಂತಿದ್ದ ಬಿಳಿತಲೆಯ ಮಹೇಂದ್ರ ಕಾಣುತ್ತಿದ್ದರು. ನಾನಿದ್ದ ದೂರಕ್ಕೇ ಅಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರು. ಅತ್ತೆ ಗಾಜಿನಿಂದ ಒಂದು ಮೊಳ ದೂರದಲ್ಲಿದ್ದರು. ಹೊಸ ಕಣ್ಣು ಬೇರೆ.

ಅತ್ತೆ ಗಾಜನ್ನೇ ನೋಡುತ್ತಾ, ತುಂಬಾ ಗಂಭೀರವಾಗಿ ಕೇಳಿದರು: "ನನ್ನ ಮಗನಷ್ಟು ಬುದ್ಧಿವಂತ ಈ ಬಡಾವಣೇಲಿ ಇನ್ನೊಬ್ಬನಿಲ್ಲ, ಅಲ್ವಾ?"

ಹಲ್ಲಿ ಸ್ವಲ್ಪ ಸಂಕೋಚಪಟ್ಟಿತು. ಆಮೇಲೆ, ಲೊಚ್.

"ಕೃಷ್ಣ ಕೃಷ್ಣ," ಎಂದು ಅತ್ತೆ ನೆಲ ತಟ್ಟಿದರು. ಬೆರಳು ನೆಲದ ಮೇಲಿತ್ತು, ಸೆರಗು ಬಾಯಿಗೆ ಬಂದಿತ್ತು, ಭುಜ ಕುಲುಕುತ್ತಿತ್ತು. ಅವರು ತಿರುಗಿ ನೋಡಿದಾಗ ನಾನು ಅವರ ಕಣ್ಣಿಗೆ ಬಿದ್ದೆ. ನಾನು ಕಾಫಿ ಕೊಟ್ಟೆ, ಅವರು ತೆಗೆದುಕೊಂಡರು.

ಸ್ವಲ್ಪ ಹೊತ್ತಿಗೆ ಆಚೆ ಮಹೇಂದ್ರ ಬಟ್ಟೆ ತೊಟ್ಟು, ಯಾವುದೋ ಹಾಡು ಗುನುಗುತ್ತಾ ಶೂ ಹಾಕಿಕೊಳ್ಳುತ್ತಿದ್ದರು. ಒಣಗಿದ ಶೂ. ಅವರಿಗೆ ಇದನ್ನು ಹೇಳಬಾರದು, ಸುಷ್ಮಾಗಂತೂ ಹೇಳಲೇಬಾರದು ಎಂದು ಅಲ್ಲೇ ತೀರ್ಮಾನಿಸಿದೆ. ಆಮೇಲೆ ಗ್ಯಾಸ್ ಆರಿಸಿದೆಯೇ ಎಂದು ನೋಡಲು ಒಳಗೆ ಹೋದೆ.